ಸೂಜಿಯ ಮೇಲಿನ ಅಕ್ಷರ ಓದಿ, ಆಮೇಲೆ ಅಂಗಡಿಗೆ ಹೋಗಿ

ಹಳೆಯ ಎಂಜಿಬಿ ಕಾರನ್ನು ಮನೆಗೆ ತಂದವರು ಮೊದಲ ವಾರದಲ್ಲೇ ಬಿಡಿಭಾಗ ಮಾರುವವರ ಬಳಿ ಹೋಗಿ, ‘ನನ್ನದು 1967ರ ಕಾರು, ಅದರ ಕಾರ್ಬುರೇಟರ್ ಸಾಮಾನು ಕೊಡಿ’ ಎನ್ನುತ್ತಾರೆ. ಎಡವುವುದು ಅಲ್ಲೇ. ಅರವತ್ತು ವರ್ಷಗಳಲ್ಲಿ ಎಷ್ಟು ಜನರ ಸ್ಕ್ರೂಡ್ರೈವರ್ ಅದರೊಳಗೆ ಆಡಿದೆಯೋ! ಕಾರಿನ ವರ್ಷ ಒಂದಾದರೆ, ಅದರ ಮೇಲೆ ಈಗ ಕೂತಿರುವ ಕಾರ್ಬುರೇಟರಿನ ವರ್ಷ ಇನ್ನೊಂದು ಇರಬಹುದು. ಹಣ ಬಿಚ್ಚುವ ಮೊದಲು ಎದುರಿಗಿರುವುದು ಏನೆಂದು ಗುರುತಿಸಲು ಕಲಿಯೋಣ.

ಎಂಜಿಬಿ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಅದರ 1798 ಸಿಸಿ ಎಂಜಿನ್ನು ನಮ್ಮ ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿಗೆ ದಾಯಾದಿ. ಎರಡೂ ಬಿ-ಸೀರೀಸ್ ವಂಶದವು. ಎಂಜಿಬಿಗೆ ಉಸಿರು ಕೊಡುತ್ತಿದ್ದದ್ದು ಎರಡು ಎಸ್‌ಯು ಕಾರ್ಬುರೇಟರ್‌ಗಳು. ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಮನೆತನದ ಮೂಲ ಕಸುಬು ಪಾದರಕ್ಷೆ ವ್ಯಾಪಾರ. ಅವರ ಮೊದಲ ಕಾರ್ಬುರೇಟರ್‌ಗಳಲ್ಲಿ ಪಿಸ್ಟನ್ ಬದಲು ಚರ್ಮದ ತಿದಿ ಇತ್ತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಮೊದಲು ಜಾತಿ ನೋಡಿ. ಪೆಟ್ರೋಲ್ ತುಂಬುವ ಫ್ಲೋಟ್ ಬಟ್ಟಲು ಪಕ್ಕದಲ್ಲಿ ಬೇರೆಯಾಗಿ ಕೂತಿದ್ದು, ಅಲ್ಲಿಂದ ತೆಳ್ಳನೆಯ ನೈಲಾನ್ ಕೊಳವೆ ಜೆಟ್ಟಿನ ಬುಡಕ್ಕೆ ಹೋಗಿದ್ದರೆ ಅದು ಎಚ್‌ಎಸ್. ಬಟ್ಟಲು ಮೈಯೊಳಗೇ ತಳಭಾಗದಲ್ಲಿ ಅಡಗಿದ್ದರೆ ಎಚ್‌ಐಎಫ್. ಎಂಜಿಬಿಗೆ ಇದು ಬಂದದ್ದು 1970ರ ದಶಕದ ಆರಂಭದಲ್ಲಿ. ಹೆಸರಿನ ಕೊನೆಯ ಅಂಕಿ ಗಾಳಿದಾರಿಯ ಅಗಲ ಹೇಳುತ್ತದೆ. ಒಂದು ಇಂಚಿಗೆ ಅಷ್ಟು ಎಂಟನೇ ಭಾಗ ಸೇರಿಸಿ: ಎಚ್‌ಎಸ್2 ಅಂದರೆ ಒಂದೂಕಾಲು ಇಂಚು, ಎಚ್‌ಎಸ್4 ಅಂದರೆ ಒಂದೂವರೆ. ಎಂಜಿಬಿಯದು ಒಂದೂವರೆ.

ಮೇಲಿನ ಗುಮ್ಮಟವನ್ನು ಹಿಡಿದಿರುವ ಸ್ಕ್ರೂಗಳಲ್ಲಿ ಒಂದರ ಕೆಳಗೆ ಪುಟ್ಟ ಅಲ್ಯೂಮಿನಿಯಂ ಬಿಲ್ಲೆ ಇರಬೇಕು. ಎಯುಡಿ ಎಂದು ಶುರುವಾಗುವ ಅದರ ಸಂಖ್ಯೆಯೇ ಕಾರ್ಬುರೇಟರಿನ ಜಾತಕ. ಎಸ್‌ಯು ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಸೂಜಿ, ಜೆಟ್, ಸ್ಪ್ರಿಂಗ್ ಎಲ್ಲ ಸಿಗುತ್ತವೆ. ಬಿಲ್ಲೆ ಕಳೆದುಹೋಗಿರುವುದೇ ಹೆಚ್ಚು. ಇದ್ದರೂ ಅದು ಹೇಳುವುದು ಕಾರ್ಖಾನೆಯಿಂದ ಹೊರಟಾಗ ಒಳಗೆ ಏನಿತ್ತು ಎಂಬುದನ್ನಷ್ಟೇ. ಈಗಿನದು ಬಿಚ್ಚಿದರೇ ಗೊತ್ತಾಗುವುದು.

ಸೂಜಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸೋಣ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನು ಹೆಚ್ಚು ಗಾಳಿ ಎಳೆಯುತ್ತದೆ, ಪಿಸ್ಟನ್ ಮೇಲೇಳುತ್ತದೆ. ಅದರ ಹೊಟ್ಟೆಗೆ ಸಿಕ್ಕಿಸಿದ ಮೊನಚು ಸೂಜಿಯೂ ಜೆಟ್ಟಿನಿಂದ ಮೇಲೆ ಸರಿಯುತ್ತದೆ. ಸೂಜಿ ಕೆಳಗೆ ಹೋದಂತೆ ಸಪೂರ. ಆದ್ದರಿಂದ ಮೇಲೆದ್ದಷ್ಟೂ ಸುತ್ತಲಿನ ಸಂದು ಹಿಗ್ಗಿ ಪೆಟ್ರೋಲ್ ಹೆಚ್ಚು ಬರುತ್ತದೆ. ಎಚ್‌ಎಸ್4ರ ಜೆಟ್ಟಿನ ತೂತು 0.090 ಇಂಚು. ಅದರೊಳಗೆ ಸೂಜಿ ಕೂದಲೆಳೆಯಷ್ಟು ದಪ್ಪವಾದರೂ ಎಂಜಿನ್ನಿನ ನಡೆ ಬದಲಾಗುತ್ತದೆ. ಎರಡು ಸೂಜಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣದು. ಪಿಸ್ಟನ್ ಪಕ್ಕದ ಸ್ಕ್ರೂ ಸಡಿಲಿಸಿ ಸೂಜಿ ಹೊರತೆಗೆದು, ಬುಡದಲ್ಲಿ ಕೊರೆದ ಗುರುತನ್ನು ಭೂತಗನ್ನಡಿಯಲ್ಲಿ ಓದಿ. ಮೊದಮೊದಲ ಎಂಜಿಬಿಗಳಲ್ಲಿ ಎಂಬಿ, ಆಮೇಲೆ 5 ಎಂಬ ಸೂಜಿ ಬಂತು. 6 ಹಾಕಿದರೆ ಪೆಟ್ರೋಲ್ ಹೆಚ್ಚು, 21 ಹಾಕಿದರೆ ಕಡಿಮೆ. ಎರಡು ಕಾರ್ಬುರೇಟರುಗಳಲ್ಲಿ ಎರಡು ಬೇರೆ ಸೂಜಿ ಕಂಡರೆ, ಇಷ್ಟು ದಿನ ಟ್ಯೂನಿಂಗ್ ಕೂಡಿಬರದ ಕಾರಣ ಸಿಕ್ಕಿತು.

ಸೂಜಿ ಅಲ್ಲಾಡದೆ ನಿಂತಿದ್ದರೆ ಹಳೆಯ ಬಗೆ. ಪುಟ್ಟ ಸ್ಪ್ರಿಂಗ್ ಇದ್ದು ಒಂದು ಕಡೆಗೆ ವಾಲಿದ್ದರೆ ಹೊಸ ಬಗೆ. ಒಂದರ ಪಿಸ್ಟನ್ನಿಗೆ ಇನ್ನೊಂದರ ಸೂಜಿ ಕೂರುವುದಿಲ್ಲ.

ಪಿಸ್ಟನ್ ಸ್ಪ್ರಿಂಗಿನ ಬಣ್ಣ ನೋಡಿ: ನೀಲಿ ಎರಡೂವರೆ ಔನ್ಸ್, ಕೆಂಪು ನಾಲ್ಕೂವರೆ, ಹಳದಿ ಎಂಟು, ಹಸಿರು ಹನ್ನೆರಡು. ಎಂಜಿಬಿಗೆ ಕೆಂಪು. ಗುಮ್ಮಟ ಮತ್ತು ಪಿಸ್ಟನ್ ಜೋಡಿಯಾಗಿಯೇ ತಯಾರಾದವು. ದಯವಿಟ್ಟು ಮುಂದಿನ ಕಾರ್ಬುರೇಟರಿನದನ್ನು ಹಿಂದಿನದಕ್ಕೆ ಬೆರೆಸಬೇಡಿ. ತೊಳೆಯುವಾಗಲೂ ಎರಡು ತಟ್ಟೆ ಇಟ್ಟುಕೊಳ್ಳಿ. ಕೊಳವೆ ಸಮೇತ ಬರುವ ಜೆಟ್ಟಿನಲ್ಲೂ ಎಡ, ಬಲ ಎಂದಿದೆ, ಕೇಳಿ ತನ್ನಿ.

ಇನ್ನು ಥ್ರಾಟಲ್ ಸ್ಪಿಂಡಲ್, ಅಂದರೆ ಗಾಳಿದಾರಿಯ ಕವಾಟವನ್ನು ತಿರುಗಿಸುವ ಕಡ್ಡಿ. ಅದನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲೊಡಲೊಡ ಎಂದರೆ ಅಲ್ಲಿಂದ ಕಳ್ಳಗಾಳಿ ಒಳನುಗ್ಗುತ್ತಿದೆ. ಆಗ ಸೂಜಿ ಬದಲಿಸಿ ಫಲವಿಲ್ಲ. ಮೊದಲ ಖರ್ಚು ಸ್ಪಿಂಡಲ್ಲಿಗೇ ಮಾಡಿ.