ಉಪ್ಪು ಮತ್ತು ಸಾಬೂನು ದ್ರವದ ಸ್ನಿಗ್ಧತೆ

ಪಾತ್ರೆ ತೊಳೆಯುವ ಸಾಬೂನು ದ್ರವವು ಎಷ್ಟು ಮಂದವಾಗಿರುವುದೋ ಅಷ್ಟು ಉತ್ತಮವೆಂದು ಬಹುಮಂದಿ ನಂಬಿರುವರು. ಚೆನ್ನೈನಲ್ಲಿ ಅದನ್ನು ಬಿಡಿಯಾಗಿ ಕೊಳ್ಳುವಾಗ ನಾವೂ ಶೀಸೆಯನ್ನು ಓರೆಮಾಡಿ ನೋಡುವುದುಂಟು. ಆದರೆ ಆ ಮಂದತನಕ್ಕೆ ನಮ್ಮ ಅಡುಗೆಮನೆಯ ಅಗ್ಗದ ಉಪ್ಪೇ ಕಾರಣವಾಗಿರಬಹುದು! ಇದು ಹೇಗೆಂಬುದನ್ನು ವಿಚಾರಿಸೋಣ.

ಸಾಬೂನಿನಂತಹ ದ್ರವ್ಯಗಳ ಅಣುವಿಗೆ ಒಂದು ತಲೆ, ಒಂದು ಬಾಲ ಉಂಟೆಂದು ಭಾವಿಸಬಹುದು. ತಲೆಗೆ ನೀರು ಪ್ರಿಯ. ಬಾಲಕ್ಕೆ ಎಣ್ಣೆ ಪ್ರಿಯ. ನೀರಿನಲ್ಲಿ ಇಂತಹ ಅಣುಗಳು ಹೆಚ್ಚಾದಾಗ ಬಾಲಗಳನ್ನು ಒಳಗಡಗಿಸಿ, ತಲೆಗಳನ್ನು ಹೊರಗಿಟ್ಟು ಗುಂಪುಗೂಡುತ್ತವೆ. ಈ ಗುಂಪಿಗೆ ಮೈಸೆಲ್ ಎಂದು ಹೆಸರು. ಇಂತಹ ಗುಂಪುಗಳಿರಬೇಕೆಂದು 1913ರಲ್ಲಿ ಸೂಚಿಸಿದ ಮೆಕ್‌ಬೇನ್ ಎಂಬ ವಿಜ್ಞಾನಿಯೇ ಮುಂದೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯ ಮೊದಲ ನಿರ್ದೇಶಕರಾದರು.

ಸಾಮಾನ್ಯ ಶ್ಯಾಂಪೂಗಳಲ್ಲಿರುವ ಈ ಅಣುಗಳ ತಲೆಗಳು ಋಣವಿದ್ಯುತ್ತುಳ್ಳವು. ಆದುದರಿಂದ ಅವು ಒಂದನ್ನೊಂದು ದೂಡುತ್ತವೆ. ಗುಂಪು ಗುಂಡಗಿನ ಆಕಾರವನ್ನು ತಾಳುತ್ತದೆ. ಉಪ್ಪು ಬೆರೆತೊಡನೆ ಧನವಿದ್ಯುತ್ತುಳ್ಳ ಸೋಡಿಯಂ ಅಯಾನುಗಳು ತಲೆಗಳ ನಡುವೆ ಸುಳಿದು ಆ ದೂಡಾಟವನ್ನು ತಗ್ಗಿಸುವುವು. ತಲೆಗಳು ಒತ್ತಾಗಿ ನಿಲ್ಲುವುವು. ಗುಂಡುಗಳು ಕೋಲಾಗಿ, ಕೋಲುಗಳು ನೀಳವಾದ ಎಳೆಗಳಾಗಿ ಬೆಳೆಯುವುವು. ಸಬ್ಬಕ್ಕಿಯ ಕಾಳುಗಳು ಒಂದರ ಮೇಲೊಂದು ಸುಲಭವಾಗಿ ಉರುಳುತ್ತವೆ. ಬೆಂದ ಶ್ಯಾವಿಗೆಯಾದರೋ ತೊಡಕಿಕೊಂಡು ಜಾರಲೊಲ್ಲದು. ಇಲ್ಲಿಯೂ ಹಾಗೆಯೇ. ಆದರೆ ಶ್ಯಾವಿಗೆಗಿಲ್ಲದ ಒಂದು ಗುಣ ಈ ಎಳೆಗಳಿಗುಂಟು: ಇವು ಕ್ಷಣಕ್ಷಣವೂ ತುಂಡಾಗಿ ಮತ್ತೆ ಕೂಡಿಕೊಳ್ಳುತ್ತಿರುತ್ತವೆ. ಆದಕಾರಣ ಎಷ್ಟೇ ಮಂದವಾದರೂ ದ್ರವವು ಕೊನೆಗೆ ಹರಿದೇ ಹರಿಯುವುದು.

ಹಾಗಾದರೆ ಉಪ್ಪು ಹೆಚ್ಚಿದಷ್ಟೂ ಮಂದವಾಗುವುದೇ? ಇಲ್ಲ. ಒಂದು ಮಿತಿಯಾಚೆಗೆ ಎಳೆಗಳಿಗೆ ಕವಲುಗಳೊಡೆಯುತ್ತವೆ. ಕವಲಿನ ಕೂಡುಬಿಂದುವು ಎಳೆಯುದ್ದಕ್ಕೂ ಜಾರಬಲ್ಲುದಾದ್ದರಿಂದ ತೊಡಕು ಸಡಿಲವಾಗಿ ದ್ರವವು ಮತ್ತೆ ತೆಳ್ಳಗಾಗುವುದು. ಅಂಗಡಿಯ ಶ್ಯಾಂಪೂವಿನಲ್ಲಿ ಅನೇಕ ವೇಳೆ ಉಪ್ಪು ಮೊದಲೇ ಇರುವುದರಿಂದ, ಅದಕ್ಕೆ ಇನ್ನಷ್ಟು ಸುರಿದರೆ ಒಮ್ಮೆಲೇ ನೀರಾಗುವುದೂ ಉಂಟು.

ನಮ್ಮ ಊರಿನ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಬಟ್ಟೆಸಾಬೂನು ನೊರೆಗೊಡದಿರುವುದು ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳಿಂದ. ಅದು ಬೇರೆಯೇ ಪಾಠ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಪಾತ್ರೆ ತೊಳೆಯುವ ದ್ರವಕ್ಕೆ ಸಮಪ್ರಮಾಣ ನೀರು ಬೆರೆಸಿ ನಾಲ್ಕು ಗಾಜಿನ ಲೋಟಗಳಿಗೆ ಸಮನಾಗಿ ಹಂಚಿರಿ. ಮೊದಲನೆಯದನ್ನು ಹಾಗೆಯೇ ಬಿಟ್ಟು, ಉಳಿದವಕ್ಕೆ ಕ್ರಮವಾಗಿ ಒಂದು, ಎರಡು, ನಾಲ್ಕು ಚಿಟಿಕೆ ಉಪ್ಪು ಹಾಕಿ, ನೊರೆಯೇಳದಂತೆ ಮೆಲ್ಲನೆ ಕಲಕಿರಿ. ಒಂದು ಗಂಟೆಯ ತರುವಾಯ ಪ್ರತಿಯೊಂದರಲ್ಲಿಯೂ ಒಂದು ಗೋಲಿಯನ್ನು ಬಿಟ್ಟು, ಅದು ತಳ ಮುಟ್ಟುವ ಕಾಲವನ್ನು ಬರೆದುಕೊಳ್ಳಿರಿ. ಎಲ್ಲ ಬಗೆಯ ದ್ರವಗಳೂ ಒಂದೇ ತೆರನಾಗಿ ನಡೆಯಲಾರವು. ಕಂಡುದನ್ನು ಕಂಡಂತೆಯೇ ಬರೆಯಬೇಕು. ಗೋಲಿ ನಿಧಾನವಾಗಿ ಇಳಿದ ಲೋಟದಲ್ಲಿಯೂ ಬೇಗನೆ ಇಳಿದ ಲೋಟದಲ್ಲಿಯೂ ಕೊಳೆ ತೆಗೆಯುವ ದ್ರವ್ಯವು ನಾವು ಹಂಚಿದಷ್ಟೇ ಇದೆಯೆಂಬುದನ್ನು ಆ ಬರಹದ ಕೆಳಗೆ ಸೇರಿಸಿರಿ.