ಭಾರವಾದ ಸವಾರನೂ ಬೆಟ್ಟದ ಸೈಕಲ್ಲೂ

ನನ್ನ ದೇಹದ ತೂಕವು 112 ಕಿಲೋಗ್ರಾಂ. ಈ ಸಂಗತಿಯನ್ನು ಲೇಖನದ ಆರಂಭದಲ್ಲಿಯೇ ಹೇಳಿಬಿಡುವುದು ಲೇಸು. ಏಕೆಂದರೆ ಮುಂದೆ ಬರುವ ಲೆಕ್ಕಗಳಿಗೆಲ್ಲ ಅದೇ ಆಧಾರ. ವೈದ್ಯರ ಸಲಹೆಯಂತೆ ಮೂರು ವರ್ಷಗಳ ಹಿಂದೆ ನಾನೊಂದು ಬೆಟ್ಟದ ಸೈಕಲ್ಲನ್ನು ಕೊಂಡೆನು. ಮನೆಯಿಂದ ಶಾಲೆಗೆ ಆರು ಕಿಲೋಮೀಟರು ದಾರಿ. ಅದರಲ್ಲಿ ಅರ್ಧ ಡಾಮರು, ಉಳಿದರ್ಧ ಮುರಕಲ್ಲಿನ ಪಾರೆ. ಮೊದಲನೆಯ ಮಳೆಗಾಲ ಮುಗಿಯುವುದರೊಳಗಾಗಿ ಹಿಂಚಕ್ರದ ಕಡ್ಡಿಗಳು ನಾಲ್ಕು ಸಲ ಮುರಿದವು. ನಾಲ್ಕನೆಯ ಸಲ ಮುರಿದುದು ಶಾಲೆಯ ಅಂಗಳದಲ್ಲಿಯೇ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ. ಮಕ್ಕಳು ನಕ್ಕರು, ನಾನೂ ನಕ್ಕೆನು. ಹಿಂದಿನ ಸಾಲಿನಲ್ಲಿ ನಿಂತಿದ್ದ ಹತ್ತನೆಯ ತರಗತಿಯ ಸ್ಥೂಲಕಾಯದ ಹುಡುಗನೊಬ್ಬನು ಮಾತ್ರ ನಗಲಿಲ್ಲ. ವಿಚಾರಿಸಲಾಗಿ, ಅವನ ಮನೆಯಲ್ಲಿಯೂ ಅಂಥದೇ ಸೈಕಲ್ಲೊಂದು ಎರಡು ವರ್ಷಗಳಿಂದ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದೆಯೆಂದೂ, ರಿಪೇರಿಯವನೊಬ್ಬನು "ನಿನ್ನ ಭಾರಕ್ಕೆ ಸೈಕಲ್ಲು ಆಗದು" ಎಂದು ಹೇಳಿದಂದಿನಿಂದ ಅವನು ನಡೆದೇ ಬರುತ್ತಿದ್ದಾನೆಂದೂ ತಿಳಿಯಿತು.

ಆ ಮಾತು ನಿಜವೇ ಎಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ಸೈಕಲ್ಲಿನೊಡನೆ ಬರುವ ಕೈಪಿಡಿಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ನಮ್ಮ ಗಡಿನಾಡಿನ ಕನ್ನಡ ಮಕ್ಕಳ ಕೈಗೆ ಈ ತಿಳಿವಳಿಕೆ ಅವರ ಭಾಷೆಯಲ್ಲಿಯೇ ಸಿಗಲೆಂಬುದು ಇನ್ನೊಂದು ಆಶಯ.

1. ಈ ಸೈಕಲ್ಲಿನ ಸ್ವರೂಪ

ಮುಂದಿನ ಕವಲಿನಲ್ಲಿ ಸ್ಪ್ರಿಂಗು ಇದ್ದು, ಹಿಂಭಾಗವು ಗಟ್ಟಿಯಾಗಿರುವ ಬೆಟ್ಟದ ಸೈಕಲ್ಲಿಗೆ ಹಾರ್ಡ್‌ಟೇಲ್ ಎಂದು ಹೆಸರು. ಇದರ ವಂಶದ ಹುಟ್ಟೂರು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮರಿನ್ ಪ್ರಾಂತ. ಅಲ್ಲಿಯ ತರುಣರು 1970ರ ದಶಕದಲ್ಲಿ ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನೇರಿ ಗುಡ್ಡದ ಮಣ್ಣುದಾರಿಗಳಲ್ಲಿ ಇಳಿಯುತ್ತಿದ್ದರು. 1976ರ ಅಕ್ಟೋಬರಿನಲ್ಲಿ, ಸುಮಾರು 1300 ಅಡಿ ಇಳಿಯುವ ಒಂದು ದಾರಿಯಲ್ಲಿ ಅವರು ಪಂದ್ಯವನ್ನೇ ಹೂಡಿದರು. ಹಿಂಚಕ್ರದ ಒಳಗಿದ್ದ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಮತ್ತೆ ಹೊಸದಾಗಿ ತುಂಬಬೇಕಾಗುತ್ತಿತ್ತು. ಆದುದರಿಂದಲೇ ಆ ದಾರಿಗೆ 'ರೀಪ್ಯಾಕ್', ಎಂದರೆ 'ಮರಳಿ ತುಂಬು', ಎಂಬ ಹೆಸರು ಬಂದಿತು. 1977ರಲ್ಲಿ ಜೋ ಬ್ರೀಜ್ ಎಂಬಾತನು ಈ ಕೆಲಸಕ್ಕೆಂದೇ ಹೊಸ ಚೌಕಟ್ಟನ್ನು ರಚಿಸಿದನು. ಹೀಗೆ, ಯಾವ ಭಾಗ ಸೋಲುತ್ತದೆಯೋ ಅದನ್ನು ಗುರುತಿಸಿ, ಅದಕ್ಕಿಂತ ಗಟ್ಟಿಯಾದುದನ್ನು ಜೋಡಿಸುವುದು ಈ ಯಂತ್ರದ ಹುಟ್ಟುಗುಣವೇ ಆಗಿದೆ. ಭಾರವಾದ ಸವಾರನು ಮಾಡಬೇಕಾದುದೂ ಅದನ್ನೇ.

2. ಭಾರದ ಹಂಚಿಕೆ

ನನ್ನ ತೂಕ 112, ಸೈಕಲ್ಲಿನದು 15, ಚೀಲದ್ದು 3. ಒಟ್ಟು 130 ಕಿಲೋಗ್ರಾಂ. ಕುಳಿತು ಸವಾರಿ ಮಾಡುವಾಗ ಇದರ ಐದರಲ್ಲಿ ಸುಮಾರು ಮೂರು ಪಾಲು ಹಿಂಚಕ್ರದ ಮೇಲೆ ಬೀಳುತ್ತದೆ. ಎಂದರೆ 78 ಕಿಲೋಗ್ರಾಂ. ಹಿಂಭಾಗದಲ್ಲಿ ಸ್ಪ್ರಿಂಗು ಇಲ್ಲದ ಕಾರಣ ಕಲ್ಲಿನ ಪೆಟ್ಟು ಕೂಡ ನೇರವಾಗಿ ಅಲ್ಲಿಗೇ ತಗಲುತ್ತದೆ. ಆದುದರಿಂದ ಸುಧಾರಣೆಯು ಹಿಂಚಕ್ರದಿಂದಲೇ ಆರಂಭವಾಗಬೇಕು. ಕಣ್ಣಿಗೆ ಬೀಳುವ ಮುಂದಿನ ಕವಲಿಗೆ ಮೊದಲು ಹಣ ಸುರಿಯುವುದು ಸಾಮಾನ್ಯವಾಗಿ ನಡೆಯುವ ತಪ್ಪು.

3. ಕಡ್ಡಿ ಏಕೆ ಮುರಿಯುತ್ತದೆ?

ಚಕ್ರವು ತನ್ನ ಕೆಳಗಿನ ಕಡ್ಡಿಗಳ ಮೇಲೆ ಕಂಬದಂತೆ ನಿಂತಿದೆಯೆಂದು ನಾವು ಭಾವಿಸುತ್ತೇವೆ. ಅಷ್ಟು ತೆಳುವಾದ ತಂತಿಯು ಕಂಬವಾಗಲಾರದು. ನಿಜಸ್ಥಿತಿ ಬೇರೆ. ಕಡ್ಡಿಗಳನ್ನೆಲ್ಲ ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಭಾರ ಬಿದ್ದಾಗ, ನೆಲದ ಹತ್ತಿರವಿರುವ ಕೆಲವೇ ಕಡ್ಡಿಗಳ ಬಿಗಿಯು ತುಸು ಕುಗ್ಗುತ್ತದೆ. ಅವು ಮೇಲೇರಿದೊಡನೆ ಬಿಗಿಯು ಮರಳುತ್ತದೆ. ಜಾಬ್ಸ್ಟ್ ಬ್ರಾಂಟ್ ಎಂಬ ಎಂಜಿನಿಯರನು 1981ರಲ್ಲಿ ಸೈಕಲ್ಲಿನ ಚಕ್ರದ ಕುರಿತು ಬರೆದ ಗ್ರಂಥದಲ್ಲಿ ಇದನ್ನು ವಿಶದಪಡಿಸಿದ್ದಾನೆ.

29 ಇಂಚಿನ ಚಕ್ರದ ಸುತ್ತಳತೆ ಸುಮಾರು 2.3 ಮೀಟರು. ಆರು ಕಿಲೋಮೀಟರಿಗೆ ಅದು ಸುಮಾರು 2600 ಸಲ ಸುತ್ತುತ್ತದೆ, ಹೋಗಿಬರಲು 5200. ವರ್ಷಕ್ಕೆ ಇನ್ನೂರು ಶಾಲಾದಿನಗಳೆಂದರೆ, ಒಂದೊಂದು ಕಡ್ಡಿಯೂ ಹತ್ತು ಲಕ್ಷಕ್ಕೂ ಹೆಚ್ಚು ಸಲ ಸಡಿಲವಾಗಿ ಬಿಗಿಯಾಗುತ್ತದೆ. ಮೊದಲಿನ ಬಿಗಿ ಸಾಲದಿದ್ದರೆ ಭಾರ ಬಿದ್ದಾಗಲೆಲ್ಲ ಕಡ್ಡಿಯು ಪೂರ್ತಿ ಸಡಿಲವಾಗಿ, ಹಬ್ಬಿನ ಬಳಿಯ ಬಾಗಿನಲ್ಲಿ ಅಲುಗಾಡಿ, ದಣಿದು ಮುರಿಯುತ್ತದೆ. ತಂತಿಯ ತುಂಡನ್ನು ಹಿಂದೆಮುಂದೆ ಬಾಗಿಸಿ ಮುರಿಯುವಂತೆಯೇ ಇದು. ಕಡ್ಡಿಯನ್ನು ಮುರಿಯುವುದು ಬರಿಯ ಭಾರವಲ್ಲ. ಭಾರಕ್ಕೆ ತಕ್ಕಷ್ಟು ಬಿಗಿ ಇಲ್ಲದಿರುವುದು.

ಆದುದರಿಂದ ಮೊದಲನೆಯ ಸುಧಾರಣೆಗೆ ಹೊಸ ಸಾಮಾನು ಬೇಡ. ಕಡ್ಡಿಯ ಕೀಲಿ ಸಾಕು. ಹಿಂಚಕ್ರದ ಬಲಮಗ್ಗುಲಿನ ಕಡ್ಡಿಗಳ ಬಿಗಿಯು ಸಾಮಾನ್ಯವಾಗಿ 100ರಿಂದ 120 ಕಿಲೋಗ್ರಾಂ ಎಳೆತದಷ್ಟಿರಬೇಕು. ರಿಮ್ಮಿನ ತಯಾರಕರು ಹೇಳಿದ ಮಿತಿಯನ್ನು ಮೀರಬಾರದು. ಗಿಯರುಗಳಿಗೆ ಎಡೆಗೊಡುವ ಸಲುವಾಗಿ ಬಲಗಡೆಯ ಕಡ್ಡಿಗಳು ಹೆಚ್ಚು ನೆಟ್ಟಗೆ ನಿಂತಿರುವುದರಿಂದ, ಎಡಮಗ್ಗುಲಿನ ಬಿಗಿ ಅದಕ್ಕಿಂತ ಕಡಿಮೆಯಿರುತ್ತದೆ. ಒಂದೇ ಮಗ್ಗುಲಿನ ಕಡ್ಡಿಗಳು ಪರಸ್ಪರ ಸಮವಾಗಿರಬೇಕು. ಇದನ್ನು ಅಳೆಯುವ ಉಪಕರಣವುಂಟು. ಅದಿಲ್ಲದಿದ್ದರೆ ಕಿವಿಯೂ ಸಾಕು. ನಮ್ಮ ಶಾಲೆಯಲ್ಲಿ ಯಕ್ಷಗಾನದ ಮದ್ದಳೆ ನುಡಿಸುವ ಹುಡುಗನೊಬ್ಬನು ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಬಲಗಡೆಯವನ್ನು ಬಲಗಡೆಯವುಗಳೊಡನೆ, ಎಡಗಡೆಯವನ್ನು ಎಡಗಡೆಯವುಗಳೊಡನೆ ಶ್ರುತಿ ಕೂಡಿಸಿದನು. ಅಪಸ್ವರ ನುಡಿದುದೇ ಸಡಿಲ ಕಡ್ಡಿ. ಸ್ವರವು ಸಮತೆಯನ್ನು ತೋರಿಸುತ್ತದೆಯೇ ಹೊರತು ಒಟ್ಟು ಬಿಗಿಯನ್ನಲ್ಲ. ಅದಕ್ಕೆ ಒಮ್ಮೆಯಾದರೂ ಬಲ್ಲ ಕೆಲಸಗಾರನ ಕೈಗೆ ಕೊಡಬೇಕು.

ಕಡ್ಡಿಗಳು ಮೇಲಿಂದ ಮೇಲೆ ಮುರಿಯುತ್ತಿದ್ದರೆ ಉಳಿದವೂ ದಣಿದಿವೆಯೆಂದೇ ತಿಳಿದು, ಎಲ್ಲವನ್ನೂ ಬದಲಾಯಿಸತಕ್ಕದ್ದು. ತುದಿಗಳಲ್ಲಿ 2 ಮಿಲಿಮೀಟರು, ನಡುವೆ 1.8 ಮಿಲಿಮೀಟರು ದಪ್ಪವಿರುವ ತುಕ್ಕುಹಿಡಿಯದ ಉಕ್ಕಿನ ಕಡ್ಡಿಗಳು ಉತ್ತಮ. ನಡುವೆ ತೆಳ್ಳಗಿರುವುದು ಬಲಹೀನತೆಯೆಂದು ತೋರಬಹುದು. ಆದರೆ ಆ ನಡುಭಾಗವು ಹಿಗ್ಗಿ, ಬಾಗಿನ ಮೇಲಿನ ಆಯಾಸವನ್ನು ತಗ್ಗಿಸುತ್ತದೆ. ನಿಪ್ಪಲ್ಲುಗಳು ಹಿತ್ತಾಳೆಯವಾಗಿರಲಿ, ಕರಾವಳಿಯ ಉಪ್ಪುಗಾಳಿಗೆ ಅಲ್ಯುಮಿನಿಯಮಿನವು ಬೇಗ ಕೆಡುತ್ತವೆ. ಇಡೀ ಚಕ್ರವನ್ನೇ ಹೊಸದಾಗಿ ಕೊಳ್ಳುವುದಾದರೆ ಎರಡು ಪದರದ ರಿಮ್ಮು ಮತ್ತು 32 ಅಥವಾ 36 ಕಡ್ಡಿಗಳಿರುವುದನ್ನು ಆರಿಸಬೇಕು.

ಹಬ್ಬಿನ ವಿಚಾರವನ್ನೂ ಗಮನಿಸತಕ್ಕದ್ದು. ಅಗ್ಗದ ಸೈಕಲ್ಲುಗಳಲ್ಲಿ ಗಿಯರಿನ ಗೊಂಚಲನ್ನು ಹಬ್ಬಿನ ಮೇಲೆ ತಿರುಪಿ ಕೂರಿಸಿರುತ್ತಾರೆ. ಅಲ್ಲಿ ಬಲಗಡೆಯ ಬೇರಿಂಗು ಒಳಸರಿದಿದ್ದು, ಅಚ್ಚಿನ ತುದಿಯು ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ. ಭಾರಕ್ಕೆ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಫ್ರೀಹಬ್ ಎಂಬ ಬಗೆಯಲ್ಲಿ ಬೇರಿಂಗು ಹೊರತುದಿಯ ಹತ್ತಿರವಿರುವುದರಿಂದ ಈ ಬಾಧೆಯಿಲ್ಲ.

4. ಟಯರು ಮತ್ತು ಗಾಳಿ

ಟಯರು ನೆಲವನ್ನು ಮುಟ್ಟುವ ವಿಸ್ತೀರ್ಣವು, ಸ್ಥೂಲವಾಗಿ ಹೇಳುವುದಾದರೆ, ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. ಹಿಂಚಕ್ರದ ಭಾರ 78 ಕಿಲೋಗ್ರಾಂ. ಒತ್ತಡವು 35 ಪಿ.ಎಸ್.ಐ., ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.5 ಕಿಲೋಗ್ರಾಂ. ಭಾಗಿಸಿದರೆ 31 ಚದರ ಸೆಂಟಿಮೀಟರು ಬರುತ್ತದೆ. ಟಯರು ಕಿರಿದಾಗಿದ್ದರೆ ಇಷ್ಟು ವಿಸ್ತೀರ್ಣವನ್ನು ಕೊಡಲು ಅದು ಆಳವಾಗಿ ತಗ್ಗಬೇಕಾಗುತ್ತದೆ. ಕಲ್ಲೊಂದು ಸಿಕ್ಕಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಲುಕಿ, ಹಾವು ಕಚ್ಚಿದಂತೆ ಜೋಡಿ ತೂತುಗಳಾಗುತ್ತವೆ. ಚೌಕಟ್ಟಿನಲ್ಲಿ ಎಡೆಯಿದ್ದರೆ 2.4 ಇಂಚು ಅಗಲದ, ಮಗ್ಗುಲು ಗಟ್ಟಿಯಿರುವ ಟಯರನ್ನು ಹಾಕುವುದು ಒಳ್ಳೆಯದು. ಗಾಳಿಯ ಗರಿಷ್ಠ ಮಿತಿ ಟಯರಿನ ಮೇಲೂ ಅನೇಕ ರಿಮ್ಮುಗಳ ಮೇಲೂ ಅಚ್ಚಾಗಿರುತ್ತದೆ. ಎರಡರಲ್ಲಿ ಕಡಿಮೆಯದೇ ಪ್ರಮಾಣ.

5. ಬ್ರೇಕು

ನಮ್ಮ ಶಾಲೆಯಿಂದ ಹಿಂದಿರುಗುವ ದಾರಿ ಸುಮಾರು 40 ಮೀಟರು ಇಳಿಯುತ್ತದೆ. 130 ಕಿಲೋಗ್ರಾಂ ಭಾರವು 40 ಮೀಟರು ಇಳಿದಾಗ ಬಿಡುಗಡೆಯಾಗುವ ಶಕ್ತಿಯು 130 × 9.8 × 40, ಎಂದರೆ ಸುಮಾರು 51,000 ಜೂಲು. ಒಂದು ಲೀಟರು ನೀರನ್ನು ಸುಮಾರು 12 ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಇದು ಸಾಕು. ಮೆಲ್ಲಗೆ ಇಳಿಯುವಾಗ ಇದರ ಬಹುಭಾಗವನ್ನು ಬ್ರೇಕಿನ ತೆಳು ತಟ್ಟೆಗಳೇ ಹೀರಿ ಗಾಳಿಗೆ ಬಿಡಬೇಕು. ಒಟ್ಟು 75 ಕಿಲೋಗ್ರಾಂ ಆಗುವ ಸವಾರನ ಸೈಕಲ್ಲಿಗೆ ಈ ಕೆಲಸ 29,400 ಜೂಲು ಮಾತ್ರ.

160 ಮಿಲಿಮೀಟರಿನ ತಟ್ಟೆಯ ಬದಲು 203 ಮಿಲಿಮೀಟರಿನದನ್ನು ಜೋಡಿಸಿದರೆ, ಕೈಯ ಬಲ ಅಷ್ಟೇ ಇದ್ದರೂ ತಡೆಯುವ ಬಲವು ಸುಮಾರು ಕಾಲುಭಾಗ ಹೆಚ್ಚುತ್ತದೆ. ಕಾವನ್ನು ಹೊರಬಿಡುವ ಮೈಯೂ ದೊಡ್ಡದಾಗುತ್ತದೆ. ಆದರೆ ಕವಲೂ ಚೌಕಟ್ಟೂ ಎಷ್ಟು ದೊಡ್ಡ ತಟ್ಟೆಯನ್ನು ತಾಳಬಲ್ಲವೆಂಬುದನ್ನು ಮೊದಲು ತಿಳಿಯಬೇಕು. ಲೋಹಮಿಶ್ರಿತ ಪ್ಯಾಡುಗಳು ಕಾವನ್ನೂ ಮಳೆಗಾಲದ ಕೆಸರನ್ನೂ ಹೆಚ್ಚು ಸಹಿಸುತ್ತವೆ. ತಟ್ಟೆಯ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದು ಬರೆದಿದ್ದರೆ ಮಾತ್ರ ಅಂಥವನ್ನು ಹಾಕಲಾಗದು. ದ್ರವದಿಂದ ನಡೆಯುವ ಬ್ರೇಕುಗಳಲ್ಲಿ ಕೆಲವಕ್ಕೆ ಖನಿಜತೈಲ, ಕೆಲವಕ್ಕೆ ಡಾಟ್ ದ್ರವ. ಒಂದರಲ್ಲಿ ಇನ್ನೊಂದನ್ನು ಎಂದಿಗೂ ಹಾಕಕೂಡದು.

6. ಮುಂದಿನ ಕವಲು

ಅಗ್ಗದ ಕವಲುಗಳಲ್ಲಿರುವ ಉಕ್ಕಿನ ಸ್ಪ್ರಿಂಗು ಸಾಧಾರಣ ತೂಕದವರಿಗೆಂದು ಮಾಡಿದುದು. ಭಾರವಾದವನು ಕುಳಿತೊಡನೆ ಅದು ಅರ್ಧದಷ್ಟು ಕುಸಿದು, ಪೆಟ್ಟನ್ನು ತಾಳಲು ಅದರಲ್ಲಿ ಚಲನೆಯೇ ಉಳಿಯುವುದಿಲ್ಲ. ಮೇಲಿನ ಗುಂಡಿಯನ್ನು ತಿರುಗಿಸಿದರೆ ಸ್ಪ್ರಿಂಗು ಗಡುಸಾಗುತ್ತದೆಂಬುದು ಭ್ರಮೆ. ಅದರಿಂದ ಕುಸಿಯಲಾರಂಭಿಸುವ ಬಿಂದು ಬದಲಾಗುತ್ತದೆಯೇ ಹೊರತು ಸ್ಪ್ರಿಂಗಿನ ಗುಣವಲ್ಲ. ಗಾಳಿಯ ಸ್ಪ್ರಿಂಗುಳ್ಳ ಕವಲಿಗೆ ಸವಾರನ ತೂಕಕ್ಕೆ ತಕ್ಕಂತೆ ಒತ್ತಡ ತುಂಬಬಹುದು. 100 ಮಿಲಿಮೀಟರು ಚಲನೆಯ ಕವಲು, ಸವಾರನು ಏರಿದಾಗ ಸುಮಾರು 20 ಮಿಲಿಮೀಟರು ತಗ್ಗಿದರೆ ಸರಿ. ಚೌಕಟ್ಟಿಗೆ ವಿಧಿಸಿದುದಕ್ಕಿಂತ ಉದ್ದದ ಕವಲನ್ನು ಹಾಕಬಾರದು. ಅದು ಸನ್ನೆಗೋಲಿನಂತೆ ಚೌಕಟ್ಟಿನ ಕೊರಳನ್ನು ಮೀಟುತ್ತದೆ.

7. ಪೆಡಲು, ಸರಪಣಿ, ಆಸನ

ಪೆಡಲಿನ ಮೇಲೆ ನಿಂತು ಏರುವಾಗ ನನ್ನ ಭಾರವೆಲ್ಲವೂ 175 ಮಿಲಿಮೀಟರಿನ ಒಂದು ತೋಳಿನ ತುದಿಯಲ್ಲಿರುತ್ತದೆ. ಉಕ್ಕಿನ ಗಟ್ಟಿ ಅಚ್ಚುಳ್ಳ ಪೆಡಲುಗಳು ಅಗತ್ಯ. ಎಡ ಪೆಡಲಿನ ತಿರುಪು ತಿರುವುಮುರುವಾದುದು. ಇದನ್ನು ಮರೆತವರು ಬಿಚ್ಚಹೋಗಿ ಬಿಗಿದುಬಿಡುತ್ತಾರೆ. ಸರಪಣಿಯನ್ನು ಅಳೆಯಲು ಒಂದಡಿಯ ಅಳತೆಪಟ್ಟಿ ಸಾಕು. ಒಂದು ಮೊಳೆಯ ನಡುವಿನಿಂದ ಆರಂಭಿಸಿ 24 ಮೊಳೆಗಳನ್ನು ಎಣಿಸಿದರೆ, ಇಪ್ಪತ್ತನಾಲ್ಕನೆಯ ಮೊಳೆಯ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೆಯ ಒಂದು ಪಾಲು ಮುಂದಕ್ಕೆ ಹೋಗಿದ್ದರೆ ಸರಪಣಿಯನ್ನು ಬದಲಾಯಿಸತಕ್ಕದ್ದು. ಎಂಟನೆಯ ಒಂದು ಪಾಲಾದರೆ ಗಿಯರಿನ ಹಲ್ಲುಗಳೂ ಸವೆದಿರುತ್ತವೆ. ಆಸನದ ಕಂಬವನ್ನು ಅದರ ಮೇಲಿನ ಗೆರೆಯನ್ನು ಮೀರಿ ಎಂದಿಗೂ ಎತ್ತಬಾರದು.

8. ಬದಲಾಯಿಸಲಾಗದ ಭಾಗ

ಚೌಕಟ್ಟು ಸೈಕಲ್ಲಿನ ಅಸ್ಥಿಪಂಜರ. ಅದರ ಭಾರದ ಮಿತಿಯನ್ನು ತಯಾರಕರು ಕೈಪಿಡಿಯಲ್ಲಿ ಹೇಳಿರುತ್ತಾರೆ. ಅನೇಕ ಕಡೆ ಅದು ಸವಾರ, ಸೈಕಲ್ಲು, ಸಾಮಾನು ಮೂರೂ ಸೇರಿದ ಮಿತಿ. ಅದನ್ನು ಮೀರಿದ್ದರೆ ಯಾವ ಬಿಡಿಭಾಗವೂ ರಕ್ಷಿಸಲಾರದು. ರಿಪೇರಿಯವನ ಮಾತಿನಲ್ಲಿ ಸತ್ಯಾಂಶವಿದ್ದರೆ ಅದು ಇಷ್ಟೇ. ತಿಂಗಳಿಗೊಮ್ಮೆ ಬೆಸುಗೆಗಳನ್ನು ಒರೆಸಿ, ಬಿರುಕುಗಳಿವೆಯೇ ಎಂದು ನೋಡಬೇಕು. ಬಿರುಕು ಬಿಟ್ಟ ಅಲ್ಯುಮಿನಿಯಂ ಚೌಕಟ್ಟನ್ನು ಊರಿನ ಬೆಸುಗೆಯವನಿಂದ ಕೂಡಿಸಿ ಮತ್ತೆ ಏರುವುದು ಅಪಾಯ. ಬೆಸುಗೆಯ ಕಾವಿಗೆ ಆ ಲೋಹವು ತನ್ನ ಬಲವನ್ನು ಕಳೆದುಕೊಳ್ಳುತ್ತದೆ.

ಖರ್ಚಿನ ಕ್ರಮವನ್ನು ಹೀಗೆ ಹೇಳಬಹುದು: ಮೊದಲು ಗಾಳಿ, ಕಡ್ಡಿಯ ಬಿಗಿ, ಆಸನದ ಗೆರೆ, ಅನಂತರ ಟಯರು ಮತ್ತು ಬ್ರೇಕಿನ ಪ್ಯಾಡು, ಆಮೇಲೆ ಹಿಂಚಕ್ರ, ಬಳಿಕ ದೊಡ್ಡ ತಟ್ಟೆ, ಕೊನೆಗೆ ಕವಲು. ಕವಲಿನ ಬೆಲೆಯೇ ಸೈಕಲ್ಲಿನ ಬೆಲೆಯ ಅರ್ಧವಾಗುವುದಾದರೆ, ಹಣ ಕೂಡಿಟ್ಟು ಮೇಲ್ದರ್ಜೆಯ ಸೈಕಲ್ಲನ್ನೇ ಕೊಳ್ಳುವುದು ಜಾಣತನ.

ಆ ಹುಡುಗನ ಸೈಕಲ್ಲನ್ನು ಕೊಟ್ಟಿಗೆಯಿಂದ ತರಿಸಿ ನೋಡಿದೆವು. ಅವನ ತೂಕವು ಚೌಕಟ್ಟಿನ ಮಿತಿಯೊಳಗೇ ಇದ್ದಿತು. ಕಡ್ಡಿಗಳಲ್ಲಿ ಎರಡು ಮುರಿದಿದ್ದವು. ಉಳಿದ ಮೂವತ್ತನ್ನು ಮೀಟಿದರೆ ನಾದವೇ ಹೊರಡಲಿಲ್ಲ. ಪೇಟೆಯ ಕೆಲಸಗಾರರೊಬ್ಬರು 32 ಹೊಸ ಕಡ್ಡಿಗಳನ್ನು ಕಟ್ಟಿಕೊಟ್ಟರು. ಶ್ರುತಿಯನ್ನು ನಮ್ಮ ಮದ್ದಳೆಯ ಹುಡುಗನು ಪರೀಕ್ಷಿಸಿದನು. ಈ ಸಾಲಿನ ಮಳೆಗಾಲವಿಡೀ ಅವನು ಸೈಕಲ್ಲಿನಲ್ಲಿಯೇ ಶಾಲೆಗೆ ಬಂದಿದ್ದಾನೆ; ಒಂದು ಕಡ್ಡಿಯೂ ಮುರಿದಿಲ್ಲ. ಅವನ ತೂಕ ಮೊದಲಿನಷ್ಟೇ ಇದೆ. ದೋಷವಿದ್ದುದು ಅವನಲ್ಲಲ್ಲ. ಒಬ್ಬನನ್ನು ಕುರಿತು "ನಿನ್ನಿಂದಾಗದು" ಎನ್ನುವ ಮೊದಲು ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಳ್ಳಬೇಕೆಂಬ ಪಾಠವು ಸೈಕಲ್ಲಿಗೆ ಮಾತ್ರವಲ್ಲ, ನಮ್ಮಂಥ ಉಪಾಧ್ಯಾಯರಿಗೂ ಅನ್ವಯಿಸುತ್ತದೆ.

ಅಭ್ಯಾಸಕ್ಕೆ

1. ನಿಮ್ಮ ತೂಕ, ಸೈಕಲ್ಲಿನ ತೂಕ, ಪುಸ್ತಕದ ಚೀಲದ ತೂಕ ಕೂಡಿಸಿ ಹಿಂಚಕ್ರದ ಪಾಲನ್ನು ಲೆಕ್ಕಮಾಡಿರಿ.

2. ನಿಮ್ಮ ಸೈಕಲ್ಲಿನ ಸರಪಣಿಯನ್ನು ಅಳೆದು, 24 ಮೊಳೆಗಳ ದೂರ ಎಷ್ಟೆಂದು ಬರೆಯಿರಿ.

3. ಹಿಂಚಕ್ರದ ಒಂದೇ ಮಗ್ಗುಲಿನ ಕಡ್ಡಿಗಳನ್ನು ಮೀಟಿ ನೋಡಿರಿ. ಅಪಸ್ವರ ನುಡಿಯುವವು ಎಷ್ಟು?