ಗಿರಾಕಿಯ ಪಟ್ಟಿ ಯಾರ ಸೊತ್ತು? ಯುರೋಪಿನ ಮಾಹಿತಿ ರಕ್ಷಣಾ ಕಾನೂನಿನ ಮೊದಲ ಪಾಠ



ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕ ಇಡುವುದನ್ನು ನಮ್ಮ ವ್ಯವಸಾಯದವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ನಮ್ಮಲ್ಲಿ ಇನ್ನೊಂದು ಸಾಮಾನು ದಿನದಿಂದ ದಿನಕ್ಕೆ ರಾಶಿ ಬೀಳುತ್ತಿದೆ. ಗಿರಾಕಿಗಳ ಹೆಸರು, ಮೊಬೈಲ್ ನಂಬರು, ಮನೆ ವಿಳಾಸ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬೆಳ್ಳುಳ್ಳಿ ತಿನ್ನುವುದಿಲ್ಲ ಎಂಬ ವಿವರ. ಇದಕ್ಕೆ ಲೆಕ್ಕವೂ ಇಲ್ಲ, ಬೀಗವೂ ಇಲ್ಲ.

ಯುರೋಪಿನ ಟೂರ್ ಕಂಪೆನಿಗಳ ಅಥವಾ ಅಲ್ಲಿನ ಆಫೀಸುಗಳ ಆರ್ಡರು ಹಿಡಿಯುವಾಗ ರೇಟಿನ ಕಾಗದದ ಜೊತೆ ಇನ್ನೊಂದು ಕರಾರು ಬರುವುದುಂಟು. ಅದರಲ್ಲಿ ಜಿ.ಡಿ.ಪಿ.ಆರ್. ಎಂದು ಬರೆದಿರುತ್ತದೆ. ರೇಟು ಸರಿಯಿದ್ದರೆ ಸಾಕು ಎಂದು ಅದಕ್ಕೂ ಸಹಿ ಹಾಕಿಬಿಟ್ಟರೆ ಜವಾಬ್ದಾರಿ ನಮ್ಮ ತಲೆಯ ಮೇಲೆ ಬಂದಂತೆಯೇ. ನಾವು ವಕೀಲರಲ್ಲ, ಹೋಟೆಲ್ ನಡೆಸುವವರು. ಆದ್ದರಿಂದ ಈ ಕಾನೂನಿನ ಬುನಾದಿಯನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲೇ ತಿಳಿಯೋಣ.

ಯುರೋಪಿನವರಿಗೆ ಪಟ್ಟಿಯ ಹೆದರಿಕೆ ಏಕೆ?

ನೆದರ್ಲ್ಯಾಂಡ್ಸ್ ದೇಶದ ಸರ್ಕಾರಿ ಜನಸಂಖ್ಯಾ ರಿಜಿಸ್ಟರಿನಲ್ಲಿ ಪ್ರತಿಯೊಬ್ಬರ ಹೆಸರಿನ ಜೊತೆ ಧರ್ಮವನ್ನೂ ಬರೆಯುತ್ತಿದ್ದರು. ಬರೆದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. 1940ರಲ್ಲಿ ಹಿಟ್ಲರನ ಸೈನ್ಯ ಆ ದೇಶವನ್ನು ಹಿಡಿಯಿತು. ಯಹೂದಿಗಳು ಯಾವ ಬೀದಿಯಲ್ಲಿ ಇದ್ದಾರೆ ಎಂದು ಹುಡುಕಲು ಆ ರಿಜಿಸ್ಟರು ಒದಗಿತು. 1943ರ ಮಾರ್ಚ್ 27ರ ರಾತ್ರಿ ಕೆಲವು ದೇಶಭಕ್ತರು ಆಮ್‌ಸ್ಟರ್‌ಡ್ಯಾಮ್ ನಗರದ ರಿಜಿಸ್ಟರ್ ಕಚೇರಿಗೆ ಬೆಂಕಿ ಇಟ್ಟರು. ಅವರಲ್ಲಿ 12 ಮಂದಿಯನ್ನು ಮುಂದೆ ಗುಂಡಿಕ್ಕಿ ಕೊಂದರು. ಒಂದು ಪಟ್ಟಿಯನ್ನು ಸುಡುವುದಕ್ಕಾಗಿ ಮನುಷ್ಯರು ಪ್ರಾಣ ಕೊಟ್ಟ ನೆಲ ಅದು.

ಯುದ್ಧದ ನಂತರ 1950ರಲ್ಲಿ ಸಹಿಯಾದ ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 8ನೇ ಕಲಮಿನಲ್ಲಿ ಖಾಸಗಿ ಜೀವನ, ಮನೆ ಮತ್ತು ಪತ್ರವ್ಯವಹಾರಕ್ಕೆ ರಕ್ಷಣೆ ಕೊಟ್ಟರು. ಕಂಪ್ಯೂಟರು ಬಂದ ಮೇಲೆ 1970ರಲ್ಲಿ ಜರ್ಮನಿಯ ಹೆಸ್ಸೆ ರಾಜ್ಯವೂ, 1973ರಲ್ಲಿ ಸ್ವೀಡನ್ ದೇಶವೂ ಮಾಹಿತಿ ರಕ್ಷಣೆಗೆಂದೇ ಕಾನೂನು ಮಾಡಿದವು. 1995ರಲ್ಲಿ ಯುರೋಪಿಯನ್ ಒಕ್ಕೂಟಕ್ಕೆ ಒಂದು ಸಾಮಾನ್ಯ ನಿರ್ದೇಶನ ಬಂತು. ಅದರ ಜಾಗಕ್ಕೆ 2016ರಲ್ಲಿ ಪಾಸಾಗಿ 2018ರ ಮೇ 25ರಿಂದ ಜಾರಿಗೆ ಬಂದದ್ದೇ ಜನರಲ್ ಡೇಟಾ ಪ್ರೊಟೆಕ್ಷನ್ ರೆಗ್ಯುಲೇಷನ್, ಅಂದರೆ ಜಿ.ಡಿ.ಪಿ.ಆರ್. ಇದರಲ್ಲಿ 99 ಕಲಮುಗಳಿವೆ.

ಎರಡು ಹಕ್ಕು, ಎರಡು ಅರ್ಥ

ಖಾಸಗಿತನ ಬೇರೆ, ಮಾಹಿತಿ ರಕ್ಷಣೆ ಬೇರೆ. ಯುರೋಪಿನ ಮೂಲಭೂತ ಹಕ್ಕುಗಳ ಸನ್ನದಿನಲ್ಲಿ ಮೊದಲನೆಯದಕ್ಕೆ 7ನೇ ಕಲಮು, ಎರಡನೆಯದಕ್ಕೆ 8ನೇ ಕಲಮು. ಇನ್ನೊಬ್ಬರ ಮನೆಯೊಳಗೆ ಇಣುಕಬಾರದು ಎಂಬುದು ಖಾಸಗಿತನ. ಅವರೇ ನಂಬಿ ನಮ್ಮ ಕೈಗೆ ಕೊಟ್ಟ ವಿವರವನ್ನು ಹೇಗೆ ಇಟ್ಟುಕೊಳ್ಳಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬುದು ಮಾಹಿತಿ ರಕ್ಷಣೆ. ಗಿರಾಕಿ ತಾನಾಗಿ ನಂಬರು ಕೊಟ್ಟ ಎಂದ ಮಾತ್ರಕ್ಕೆ ಅದು ನಮ್ಮ ಸೊತ್ತಾಗುವುದಿಲ್ಲ. ಅದು ಅವನ ಸೊತ್ತು, ನಮ್ಮಲ್ಲಿ ಇಟ್ಟ ಅಡವು ಎಂದು ತಿಳಿದರೆ ಅರ್ಧ ಪಾಠ ಮುಗಿದಂತೆ.

ಯಾವುದು ವೈಯಕ್ತಿಕ ಮಾಹಿತಿ?

ಬದುಕಿರುವ ಒಬ್ಬ ವ್ಯಕ್ತಿಯನ್ನು ಗುರುತಿಸಬಹುದಾದ ಯಾವುದೇ ವಿವರ. ಹೆಸರು, ಫೋನ್ ನಂಬರು, ಕ್ಯಾಮೆರಾದಲ್ಲಿ ಬಿದ್ದ ಮುಖ, ಎಲ್ಲವೂ ಸೇರಿತು. "200 ವೆಜ್, 50 ನಾನ್‌ವೆಜ್" ಎಂಬುದು ಬರೇ ಲೆಕ್ಕ. "7ನೇ ಟೇಬಲಿನ ಇಂಥವರಿಗೆ ನೆಲಗಡಲೆ ಆಗುವುದಿಲ್ಲ" ಎಂದರೆ ಅದು ವೈಯಕ್ತಿಕ ಮಾಹಿತಿ. ಕಂಪ್ಯೂಟರಿನಲ್ಲೇ ಇರಬೇಕೆಂದಿಲ್ಲ. ಕ್ರಮವಾಗಿ ಜೋಡಿಸಿಟ್ಟ ಕಾಗದದ ರಿಜಿಸ್ಟರಿಗೂ ಕಾನೂನು ಅನ್ವಯ.

ಕೆಲವು ಮಾಹಿತಿಗೆ ಇನ್ನೂ ಬಿಗಿಯಾದ ಕಾವಲು ಇದೆ. 9ನೇ ಕಲಮಿನ ಪ್ರಕಾರ ಆರೋಗ್ಯ, ಧರ್ಮ, ಜನಾಂಗ, ರಾಜಕೀಯ ಅಭಿಪ್ರಾಯ ಇತ್ಯಾದಿಗಳನ್ನು ವಿಶೇಷ ಕಾರಣವಿಲ್ಲದೆ ಮುಟ್ಟುವ ಹಾಗಿಲ್ಲ. ನೇರವಾಗಿ ಬರೆಯದೆ, ಪರೋಕ್ಷವಾಗಿ ಗೊತ್ತಾಗುವ ವಿವರಕ್ಕೂ ಈ ರಕ್ಷಣೆ ಇದೆ ಎಂದು ಯುರೋಪಿನ ನ್ಯಾಯಾಲಯ 2022ರ ಆಗಸ್ಟ್‌ನಲ್ಲಿ ಲಿಥುವೇನಿಯಾದ ಒಂದು ಮೊಕದ್ದಮೆಯಲ್ಲಿ ಹೇಳಿತು. ನಮ್ಮವರು ಇಲ್ಲಿ ನಿಂತು ಯೋಚಿಸಬೇಕು. ಹೆಸರಿನ ಮುಂದೆ "ಜೈನ್ ಊಟ", "ಹಲಾಲ್", "ಸಕ್ಕರೆ ಇಲ್ಲದ್ದು" ಎಂದು ಬರೆದರೆ ಧರ್ಮವೋ ಕಾಯಿಲೆಯೋ ಹೊರಗೆ ಬಂದೇ ಬರುತ್ತದೆ.

ಯಜಮಾನ ಯಾರು, ಕೆಲಸ ವಹಿಸಿಕೊಂಡವ ಯಾರು?

ಮಾಹಿತಿಯನ್ನು ಯಾತಕ್ಕೆ, ಹೇಗೆ ಬಳಸಬೇಕು ಎಂದು ತೀರ್ಮಾನ ಮಾಡುವವನು ಕಂಟ್ರೋಲರ್. ಅವನು ಹೇಳಿದಂತೆ ಕೆಲಸ ಮಾಡಿಕೊಡುವವನು ಪ್ರೊಸೆಸರ್. ನಮ್ಮ ಗಿರಾಕಿಗಳ ನಂಬರು ಪಡೆದು ನಮ್ಮ ಪರವಾಗಿ ಎಸ್ಸೆಮ್ಮೆಸ್ ಕಳಿಸುವ ಕಂಪೆನಿ ಪ್ರೊಸೆಸರ್, ನಾವು ಕಂಟ್ರೋಲರ್. ಇವರಿಬ್ಬರ ನಡುವೆ ಲಿಖಿತ ಕರಾರು ಇರಲೇಬೇಕು. ಟ್ರಾವೆಲ್ ಏಜೆನ್ಸಿ, ವಿಮಾನ ಕಂಪೆನಿ, ಹೋಟೆಲ್ ಈ ಮೂವರೂ ತಮ್ಮ ತಮ್ಮ ಕೆಲಸಕ್ಕೆ ಪ್ರತ್ಯೇಕ ಕಂಟ್ರೋಲರುಗಳು ಎಂದು ಯುರೋಪಿನ ಮಾಹಿತಿ ರಕ್ಷಣಾ ಮಂಡಳಿ ತನ್ನ ಮಾರ್ಗಸೂಚಿಯಲ್ಲಿ ಉದಾಹರಣೆ ಕೊಟ್ಟಿದೆ. ಆದ್ದರಿಂದ ಕರಾರಿನಲ್ಲಿ ನಮ್ಮನ್ನು ಯಾವ ಹೆಸರಿನಿಂದ ಕರೆದಿದ್ದಾರೆ ಎಂದು ಮೊದಲು ನೋಡಬೇಕು. ಹೆಸರು ಬದಲಾದರೆ ಹೊಣೆಯೂ ಬದಲಾಗುತ್ತದೆ.

5ನೇ ಕಲಮಿನ ಏಳು ಸೂತ್ರಗಳು

1. ನ್ಯಾಯ ಮತ್ತು ಪಾರದರ್ಶಕತೆ: ಏನು ಬರೆದುಕೊಳ್ಳುತ್ತೇವೆ, ಯಾತಕ್ಕೆ ಎಂದು ಗಿರಾಕಿಗೆ ಮೊದಲೇ ಹೇಳಬೇಕು.

2. ಉದ್ದೇಶದ ಮಿತಿ: ಒಂದು ಕೆಲಸಕ್ಕೆ ಪಡೆದದ್ದನ್ನು ಅದಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಬಳಸಬಾರದು. ಮದುವೆ ಊಟಕ್ಕೆ ಕೊಟ್ಟ ನಂಬರನ್ನು ಫ್ಲ್ಯಾಟು ಮಾರುವವನಿಗೆ ಕೊಡುವುದು ತಪ್ಪು.

3. ಬೇಕಾದಷ್ಟೇ: ಪಾರ್ಸೆಲ್ ತಲುಪಿಸಲು ವಿಳಾಸ ಬೇಕು, ಹುಟ್ಟಿದ ತಾರೀಕು ಬೇಡ.

4. ನಿಖರತೆ: ತಪ್ಪಿದ್ದರೆ ತಿದ್ದಬೇಕು. ಅಲರ್ಜಿ ಇರುವವನ ಹೆಸರು ಅದಲು ಬದಲಾದರೆ ಜೀವಕ್ಕೇ ಅಪಾಯ.

5. ಕಾಲದ ಮಿತಿ: ನಿನ್ನೆಯ ಸಾಂಬಾರನ್ನು ನಾವು ಇಡುವುದಿಲ್ಲ. ಕೆಲಸ ಮುಗಿದ ಮಾಹಿತಿಯೂ ಹಾಗೆಯೇ.

6. ಭದ್ರತೆ: ಬೀಗ, ಪಾಸ್‌ವರ್ಡ್, ಯಾರು ನೋಡಬಹುದು ಎಂಬ ಕಟ್ಟುಪಾಡು.

7. ಹೊಣೆಗಾರಿಕೆ: ಪಾಲಿಸಿದರೆ ಸಾಲದು, ಪಾಲಿಸಿದ್ದನ್ನು ತೋರಿಸುವ ದಾಖಲೆ ಇರಬೇಕು.

ಎರಡನೆಯ ಸೂತ್ರಕ್ಕೆ ನಮ್ಮ ವ್ಯವಸಾಯದ್ದೇ ಒಂದು ಉದಾಹರಣೆ ಇದೆ. ಕೊರೋನಾ ಕಾಲದಲ್ಲಿ ಜರ್ಮನಿಯ ಅನೇಕ ಹೋಟೆಲುಗಳಲ್ಲಿ ಗಿರಾಕಿಗಳು ಲೂಕಾ ಎಂಬ ಆ್ಯಪ್‌ನಲ್ಲಿ ಹಾಜರಿ ಹಾಕುತ್ತಿದ್ದರು. ಸೋಂಕು ಬಂದರೆ ತಿಳಿಸಲು ಮಾತ್ರ ಅದು. 2021ರ ನವೆಂಬರ್‌ನಲ್ಲಿ ಮೈನ್ಸ್ ನಗರದಲ್ಲಿ ಹೋಟೆಲಿನಿಂದ ಹೊರಬಂದ ಒಬ್ಬ ವ್ಯಕ್ತಿ ಬಿದ್ದು ತೀರಿಕೊಂಡ. ಸಾಕ್ಷಿಗಳನ್ನು ಹುಡುಕಲು ಪೊಲೀಸರು ಆ ಆ್ಯಪ್‌ನ ವಿವರ ಪಡೆದು 21 ಜನರನ್ನು ಸಂಪರ್ಕಿಸಿದರು. ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಬೇರೆ ಕೆಲಸಕ್ಕೆ ಅದನ್ನು ಬಳಸಲು ಕಾನೂನಿನ ಅಡ್ಡಿ ಇತ್ತು. ಸರ್ಕಾರಿ ವಕೀಲರ ಕಚೇರಿ ಕ್ಷಮೆ ಕೇಳಬೇಕಾಯಿತು.

ಬರೆದುಕೊಳ್ಳಲು ಆರು ಆಧಾರಗಳು

6ನೇ ಕಲಮಿನ ಪ್ರಕಾರ ಆರರಲ್ಲಿ ಒಂದಾದರೂ ಆಧಾರ ಬೇಕು. ಗಿರಾಕಿಯ ಒಪ್ಪಿಗೆ, ಕರಾರು, ಕಾನೂನಿನ ಕಟ್ಟಳೆ, ಪ್ರಾಣ ಉಳಿಸುವ ಅಗತ್ಯ, ಸಾರ್ವಜನಿಕ ಕೆಲಸ, ನ್ಯಾಯವಾದ ಹಿತಾಸಕ್ತಿ. ಊಟ ಕಳಿಸಲು ವಿಳಾಸ ಬೇಕು, ಇದು ಕರಾರು. ತೆರಿಗೆಗಾಗಿ ಬಿಲ್ಲು ಇಡಬೇಕು, ಇದು ಕಾನೂನು. ಗಲ್ಲಾದ ಮೇಲೆ ಕ್ಯಾಮೆರಾ ಇಡುವುದು ಹಿತಾಸಕ್ತಿ. ಆಫರು ಕಳಿಸಬೇಕಾದರೆ ಸಾಮಾನ್ಯವಾಗಿ ಒಪ್ಪಿಗೆಯೇ ಬೇಕು.

ಒಪ್ಪಿಗೆ ಎಂದರೆ ಸುಮ್ಮನಿದ್ದದ್ದಲ್ಲ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿದೆ. ಕೊಟ್ಟಷ್ಟೇ ಸುಲಭವಾಗಿ ಹಿಂದೆ ಪಡೆಯಲೂ ಬರಬೇಕು.

ಗಿರಾಕಿಯ ಹಕ್ಕು, ತಪ್ಪಿದರೆ ದಂಡ

ನನ್ನ ಬಗ್ಗೆ ಏನು ಇಟ್ಟಿದ್ದೀರಿ ತೋರಿಸಿ, ತಪ್ಪನ್ನು ತಿದ್ದಿ, ಅಳಿಸಿ, ಜಾಹೀರಾತು ನಿಲ್ಲಿಸಿ ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ. ಸಾಮಾನ್ಯವಾಗಿ ಒಂದು ತಿಂಗಳೊಳಗೆ, ದುಡ್ಡು ಕೇಳದೆ ಉತ್ತರ ಕೊಡಬೇಕು. ಆದರೆ ತೆರಿಗೆ ಕಾನೂನಿಗಾಗಿ ಇಡಲೇಬೇಕಾದ ಬಿಲ್ಲನ್ನು ಅಳಿಸಬೇಕಾಗಿಲ್ಲ.

ಮಾಹಿತಿ ಕಳವಾದರೆ, ಜನರಿಗೆ ಅಪಾಯ ಆಗುವ ಸಂಭವವಿದ್ದರೆ, ತಿಳಿದ 72 ಗಂಟೆಯೊಳಗೆ ಸರ್ಕಾರಿ ಪ್ರಾಧಿಕಾರಕ್ಕೆ ತಿಳಿಸಬೇಕು. ದೊಡ್ಡ ತಪ್ಪಿಗೆ ದಂಡ 2 ಕೋಟಿ ಯೂರೋ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ. 4, ಇವೆರಡರಲ್ಲಿ ಹೆಚ್ಚಿನದರವರೆಗೆ ಹಾಕಬಹುದು. ಮ್ಯಾರಿಯಟ್ ಹೋಟೆಲ್ ಸಮೂಹದ ಬುಕ್ಕಿಂಗ್ ವ್ಯವಸ್ಥೆಯಿಂದ ಸುಮಾರು 33.9 ಕೋಟಿ ಗಿರಾಕಿ ದಾಖಲೆಗಳು ಕಳ್ಳರ ಕೈಗೆ ಸಿಕ್ಕಿದ್ದಕ್ಕೆ ಬ್ರಿಟನ್ನಿನ ಪ್ರಾಧಿಕಾರ 2020ರಲ್ಲಿ 1.84 ಕೋಟಿ ಪೌಂಡ್ ದಂಡ ಹಾಕಿತು. ಅದೇ ವರ್ಷ ಜರ್ಮನಿಯಲ್ಲಿ ಎಚ್ ಅಂಡ್ ಎಂ ಬಟ್ಟೆ ಕಂಪೆನಿಗೆ 3.53 ಕೋಟಿ ಯೂರೋ ದಂಡ ಬಿತ್ತು. ಅಲ್ಲಿನ ಮೆನೇಜರರು ಕೆಲಸಗಾರರ ಕಾಯಿಲೆ, ಸಂಸಾರದ ತಾಪತ್ರಯ, ಧರ್ಮದ ವಿಚಾರಗಳನ್ನು ಬರೆದಿಟ್ಟುಕೊಂಡಿದ್ದರು. ಗಿರಾಕಿ ಮಾತ್ರವಲ್ಲ, ನಮ್ಮ ಭಟ್ಟರು, ವೇಟರುಗಳ ವಿವರವೂ ಅಡವೇ ಎಂಬುದು ಇದರಿಂದ ತಿಳಿಯಬೇಕು.

ಭಾರತದಲ್ಲಿರುವ ನಮಗೆ ಇದು ತಗಲುತ್ತದೆಯೇ?

ಮುಂಬಯಿಗೆ ಬಂದ ಜರ್ಮನ್ ಪ್ರವಾಸಿ ನಮ್ಮ ಹೋಟೆಲಿನಲ್ಲಿ ದೋಸೆ ತಿಂದರೆ ಅಷ್ಟರಿಂದಲೇ ಈ ಕಾನೂನು ತಗಲುವುದಿಲ್ಲ. ಯುರೋಪಿನಲ್ಲಿ ಇರುವ ಜನರನ್ನೇ ಗುರಿಯಾಗಿಸಿ ಸರಕು, ಸೇವೆ ಮಾರಿದರೆ ಇಲ್ಲಿ ಕುಳಿತಿದ್ದರೂ ತಗಲುತ್ತದೆ. ಇನ್ನೊಂದು ದಾರಿ ಕರಾರಿನದು. ತನ್ನಷ್ಟೇ ರಕ್ಷಣೆ ಇದೆ ಎಂದು ಯುರೋಪು ಒಪ್ಪಿದ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಆದ್ದರಿಂದ ಅಲ್ಲಿಯ ಕಂಪೆನಿ ಗಿರಾಕಿಗಳ ಪಟ್ಟಿಯನ್ನು ಇಲ್ಲಿಗೆ ಕಳಿಸುವಾಗ ಹೆಚ್ಚಾಗಿ ಕರಾರಿನ ಮೂಲಕ ನಮ್ಮನ್ನು ಕಟ್ಟಿಹಾಕುತ್ತದೆ.

ನಮ್ಮ ದೇಶವೂ ಇದೇ ದಾರಿಯಲ್ಲಿ ನಡೆದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಯುರೋಪಿನ ಪಾಠ ಕಲಿತವರಿಗೆ ಇದು ಹೊಸತು ಅನ್ನಿಸದು.

ಸದಸ್ಯರಿಗೆ ಅಭ್ಯಾಸ

ಈ ವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಕೆಳಗಿನ ಪ್ರಶ್ನೆಗಳಿಗೆ ಒಂದು ಕಾಗದದಲ್ಲಿ ಉತ್ತರ ಬರೆಯಿರಿ.

1. ನಮ್ಮಲ್ಲಿ ಗಿರಾಕಿಗಳ ವಿವರ ಎಲ್ಲೆಲ್ಲಿ ಇದೆ? ಆರ್ಡರ್ ಪುಸ್ತಕ, ಬಿಲ್ಲಿನ ಕಂಪ್ಯೂಟರ್, ಮೆನೇಜರರ ಮೊಬೈಲ್, ಕ್ಯಾಮೆರಾ?

2. ಪ್ರತಿಯೊಂದಕ್ಕೂ ಆರರಲ್ಲಿ ಯಾವ ಆಧಾರ?

3. ಮುಗಿದ ಮದುವೆಯ ಅತಿಥಿ ಪಟ್ಟಿ ಇನ್ನೂ ಯಾಕೆ ಇದೆ?

4. ಕೆಲಸ ಬಿಟ್ಟು ಹೋದ ಮೆನೇಜರರ ಫೋನಿನಲ್ಲಿ ನಮ್ಮ ಗಿರಾಕಿಗಳ ನಂಬರು ಉಳಿದಿದೆಯೇ?

5. ಅಲರ್ಜಿ ಪಟ್ಟಿ ಅಡುಗೆಯವರಿಗೆ ಮಾತ್ರ ಕಾಣುವಂತೆ ಇದೆಯೇ, ಗೋಡೆಗೆ ಅಂಟಿಸಿದೆಯೇ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಮ್ಮಲ್ಲಿ ಇದೆ. ಹೊರಗೆ ಹೋದ ಮಾಹಿತಿಯೂ ಮರಳಿ ಬರುವುದಿಲ್ಲ. ಕರಾರು ಬಂದಾಗ ಸಹಿಗೆ ಮೊದಲು ತಿಳಿದ ವಕೀಲರಿಗೆ ತೋರಿಸಿ. ಅವರ ಬಳಿ ಹೋಗುವಾಗ ಈ ಐದು ಉತ್ತರಗಳ ಕಾಗದವೂ ಕೈಯಲ್ಲಿರಲಿ.